ಮ್ಯಾಟ್ನಿಯಲ್ಲಿ ಅಕ್ಕ ಕೂಗಿದ ಕೂಗು

ನನ್ನ ಅಕ್ಕ ಲಕ್ಕಮ್ಮನಿಗೆ ಯಾವ ದೆವ್ವವೂ ಹಿಡಿದಿರಲಿಲ್ಲ. ಮಧುಗಿರಿಯ ಥಿಯೇಟರಿನಲ್ಲಿ, ಮ್ಯಾಟ್ನಿ ಆಟದ ನಡುವೆ, ಅವಳು ಎದ್ದು ನಿಂತು ಕೂಗಿ ಬಿದ್ದದ್ದು ನಾನು ಹೇಳಿಕೊಟ್ಟಿದ್ದಕ್ಕೆ. ಯಾವಾಗ ಏಳಬೇಕು, ಹೇಗೆ ಬೀಳಬೇಕು, ಎಷ್ಟು ಹೊತ್ತು ಕಣ್ಣು ಬಿಡಬಾರದು — ಎಲ್ಲ ನಾನೇ. ಆಮೇಲೆ ಅಪ್ಪ ಕೇಳಿದಾಗ, ನಾನು ಹೇಳಿಕೊಟ್ಟಿಲ್ಲ ಅಂದವನೂ ನಾನೇ. ಮೊದಲನೆಯದನ್ನು ಹುಡುಗಾಟ ಅಂತ ಯಾರಾದರೂ ಕ್ಷಮಿಸಬಹುದೇನೋ. ಎರಡನೆಯದನ್ನು ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇದೆಲ್ಲ ಆಗಿ ಮೂವತ್ತೈದು ವರ್ಷದ ಮೇಲಾಯಿತು. ಈಗ ಯಾಕೆ ಬಾಯಿ ಬಿಡುತ್ತಿದ್ದೇನೆ ಅಂದರೆ, ಆ ಸಿನಿಮಾವನ್ನು ಹೊಸದಾಗಿ ಮತ್ತೆ ತೆಗೆದಿದ್ದಾರೆ. ಹಳೆಯದನ್ನು ನಮ್ಮ ಕಡೆ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ತೊಟ್ಟಿಲು ಸಿನಿಮಾ ಅನ್ನುತ್ತಿದ್ದರು. ಹೆರಿಗೆಯಲ್ಲಿ ಸತ್ತ ಹೆಂಗಸು ದೆವ್ವವಾಗಿ ಬಂದು ಖಾಲಿ ತೊಟ್ಟಿಲು ತೂಗುವ ಕಥೆ. ಹೊಸದರಲ್ಲೂ ಅದೇ ಹೆಂಗಸು, ಅದೇ ತೊಟ್ಟಿಲು, ಶಬ್ದ ಮಾತ್ರ ನಾಲ್ಕು ಪಟ್ಟು.

ನನ್ನ ಮಗಳು ಕಾವ್ಯ ಡಿಗ್ರಿ ಕೊನೆಯ ವರ್ಷದಲ್ಲಿದ್ದಾಳೆ. ಆಟ ಬಿಡುವ ಹೊತ್ತಿಗೆ ಥಿಯೇಟರಿನ ಮೆಟ್ಟಿಲ ಮೇಲೆ ಮೊಬೈಲು ಹಿಡಿದು ನಿಂತು, ಬರುವವರನ್ನೆಲ್ಲ "ಸಿನಿಮಾ ಹೆಂಗಿದೆ?" ಅಂತ ಕೇಳಿ ಆ ವಿಡಿಯೋಗಳನ್ನು ಹಾಕುತ್ತಾಳೆ. ಶಿರಾ, ಪಾವಗಡದವರೆಗೂ ಹೋಗಿ ಬರುತ್ತಾಳೆ. ಈ ಸಿನಿಮಾಕ್ಕೂ ಹಾಗೇ ಮಾಡಿದಳು. ಸಂಜೆ ಮನೆಗೆ ಬಂದು, ಊಟಕ್ಕೆ ಕೂತಿದ್ದ ನನ್ನ ಪಕ್ಕ ಕೂತು ತೋರಿಸಿದಳು. ಶಿರಾದ ಒಬ್ಬ ಗಡ್ಡದ ಸಾಹೇಬರು, "ಬೇಕಾರ್ ಐತಮ್ಮ, ಹಳೇದ್ರಲ್ಲಿ ದೆವ್ವ ಬರಾಕ್ ಮುಂಚೇನೇ ಬೆವರ್ತಿದ್ವಿ, ಇದ್ರಲ್ಲಿ ಬಂದು ಹೋದ್ರೂ ಗೊತ್ತಾಗ್ಲಿಲ್ಲ" ಅಂದರು. ಪಾವಗಡದ ಮುದುಕಿಯೊಬ್ಬಳು, "ಆ ತೊಟ್ಟಿಲಿಗೆ ಒಂದಿಷ್ಟು ಎಣ್ಣೆ ಬುಟ್ಟಿದ್ರೆ ಸಿನಿಮಾನೇ ಇರ್ತಿರ್ಲಿಲ್ಲ" ಅಂದಳು. ನಾನು ನಕ್ಕೆ. ತುತ್ತು ಬಾಯಿಯಲ್ಲಿತ್ತು, ನಕ್ಕೆ.

ಆಮೇಲೆ ವಿಡಿಯೋದಲ್ಲಿ ಮಧುಗಿರಿಯವರು ಬಂದರು. ನನ್ನದೇ ವಯಸ್ಸಿನ ಒಬ್ಬ, ಹೆಗಲ ಮೇಲೆ ಟವೆಲು. "ಇದೇನ್ ಬುಡಮ್ಮ," ಅಂದ. "ಹಳೇದು ನೋಡಿ ಇದೇ ಥಿಯೇಟ್ರಲ್ಲಿ ದೊಡ್ಡೇರಿ ಕಡೇ ಹುಡ್ಗೀಗೆ ದೆವ್ವ ಹಿಡ್ಕೊಂಡಿತ್ತು. ಕಣ್ಣಾರೆ ಕಂಡೋನು ನಾನು. ಆಮ್ಯಾಕೆ ಅವ್ಳಿಗೆ ಒಂದ್ ಮಗೂನೂ ಆಗ್ಲಿಲ್ಲ. ಅದು ಕಣಮ್ಮ ಸಿನಿಮಾ ಅಂದ್ರೆ."

ಉಳಿದವರ ಮಾತನ್ನೆಲ್ಲ ಬಿಟ್ಟು ಜನ ಇದನ್ನೇ ಹಿಡಿದುಕೊಂಡಿದ್ದರು. ವಿಡಿಯೋದ ಕೆಳಗೆ ಉದ್ದಕ್ಕೂ ಬರೆದಿದ್ದರು — ಆ ಹುಡುಗಿ ಈಗ ಎಲ್ಲಿದ್ದಾಳೆ, ಅವಳನ್ನೇ ಕರೆತಂದು ಹೊಸ ಸಿನಿಮಾ ತೋರಿಸಿ, ಅವಳ ಮುಖ ತೋರಿಸಿ. ಕಾವ್ಯಳ ಕಣ್ಣು ಹೊಳೆಯುತ್ತಿತ್ತು. "ಅಪ್ಪಾ, ನೀನಾಗ ಅದೇ ಥಿಯೇಟ್ರಲ್ಲಿ ಕೆಲ್ಸಕ್ಕಿದ್ಯಲ್ಲ, ಇದು ನಿಜಾನಾ?"

"ಇರ್ಬೋದು ಕಣಮ್ಮ," ಅಂದೆ.

ಇರಬಹುದಂತೆ. ಆ ಹುಡುಗಿ ನಿನ್ನ ಸೋದರತ್ತೆ ಅಂತ ಹೇಳಲಿಲ್ಲ. ನಮ್ಮ ಮನೆಯಲ್ಲಿ ಆ ಮಾತು ಆಡಿದವರೇ ಇಲ್ಲ. ಕಾವ್ಯಳಿಗೆ ಗೊತ್ತಿರುವುದು ಪಾವಗಡದಾಚೆಯ ವಳ್ಳೂರಿನಲ್ಲಿ ಒಬ್ಬ ಮೆತ್ತಗಿನ ಅತ್ತೆ ಇದ್ದಾಳೆ, ಯಾವ ಶುಭಕಾರ್ಯಕ್ಕೂ ಬರುವುದಿಲ್ಲ ಅಂತ ಅಷ್ಟೇ. ಅನ್ನದ ಮುಂದೆ ಕೂತು ಎರಡನೆಯ ಸಲ ಅದೇ ಸುಳ್ಳು ಹೇಳಿದೆನಲ್ಲ — ಆವತ್ತು ಇಪ್ಪತ್ತು ವರ್ಷದವ, ಇವತ್ತು ತಲೆ ನರೆತವ, ನಾಲಿಗೆ ಮಾತ್ರ ಅದೇ.

ನಾನಾಗ ಥಿಯೇಟರಿನ ಪ್ರಚಾರದ ಹುಡುಗ. ಜಟಕಾದ ಎರಡೂ ಪಕ್ಕ ಪೋಸ್ಟರು ಕಟ್ಟಿ, ಮೈಕು ಹಿಡಿದು ಮಧುಗಿರಿ ಸುತ್ತುವುದು, ಸಂತೆಯ ದಿನ ಸುತ್ತಲಿನ ಹಳ್ಳಿಗಳಿಗೆ ಹೋಗುವುದು. ಮನಸ್ಸೆಲ್ಲ ಇದ್ದದ್ದು ಮೇಲಿನ ಆಪರೇಟರ್ ಕೋಣೆಯಲ್ಲಿ; ಒಂದಲ್ಲ ಒಂದು ದಿನ ರೀಲು ಓಡಿಸುವವನು ನಾನಾಗಬೇಕು ಅಂತ. ತೊಟ್ಟಿಲು ಸಿನಿಮಾ ಮೊದಲ ವಾರ ಮಕಾಡೆ ಮಲಗಿತ್ತು. ಶುಕ್ರವಾರ ತೆಗೆದುಬಿಡುವುದೆಂದು ಮಾತು ನಡೆದಿತ್ತು. ಆಗ ಮ್ಯಾನೇಜರು ನನ್ನನ್ನು ಕರೆದು, "ಹೆಂಗಸ್ರ ಕಡೆ ಯಾರಾದ್ರೂ ಒಬ್ರು ಮೂರ್ಛೆ ಹೋಗ್ಬೇಕು ಕಣೋ" ಅಂದರು.

ನಮ್ಮ ಕಸುಬಿನಲ್ಲಿ ಇದು ಹೊಸದಲ್ಲ. ಭಕ್ತಿ ಸಿನಿಮಾ ಬಂದಾಗ ಅಮ್ಮನವರು ತ್ರಿಶೂಲ ಎತ್ತುವ ಜಾಗಕ್ಕೆ ಸರಿಯಾಗಿ ಯಾರಾದರೂ ಹೆಂಗಸಿನ ಮೈಮೇಲೆ ದೇವರು ಬರಿಸುತ್ತಿದ್ದರು. ಒಬ್ಬಳಿಗೆ ಬಂದರೆ ಸಾಕು, ನಿಜವಾಗಿಯೇ ಇನ್ನೂ ನಾಲ್ವರಿಗೆ ಬರುತ್ತಿತ್ತು. ಮಂಗಳಾರತಿ ಆಗಿ, ಎಲ್ಲ ಕೈಮುಗಿದು, ಕುಂಕುಮ ಇಟ್ಟು ಅವಳನ್ನು ಮನೆಗೆ ಕಳಿಸುತ್ತಿದ್ದರು. ದೇವರನ್ನು ಬರಿಸಿದ ಹಾಗೇ ದೆವ್ವವನ್ನೂ ಬರಿಸಬಹುದು ಅಂದುಕೊಂಡೆ ನಾನು. ದೇವರು ಬಂದವಳನ್ನು ಜನ ಮನೆಗೆ ಕಳಿಸುತ್ತಾರೆ. ದೆವ್ವ ಬಂದವಳನ್ನು ಏನು ಮಾಡುತ್ತಾರೆ — ಅಷ್ಟು ಸಣ್ಣ ವಿಚಾರ ನನ್ನ ತಲೆಗೆ ಹೊಳೆಯಲಿಲ್ಲ.

ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ದೊಡ್ಡೇರಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವಳಷ್ಟು ನಗಿಸುವವರು ಯಾರೂ ಇರಲಿಲ್ಲ. ನರ್ಸಮ್ಮ ಸೂಜಿ ಚುಚ್ಚುವುದನ್ನು, ಅಪ್ಪ ಕುರಿಗಳಿಗೆ ಬೈಯುವುದನ್ನು ಹಾಗೇ ಮಾಡಿ ತೋರಿಸುತ್ತಿದ್ದಳು. ಯಾರ ಮನೆಯ ಮಗುವನ್ನು ತೊಟ್ಟಿಲಿಗೆ ಹಾಕುವುದಿದ್ದರೂ ಜೋಗುಳ ಹೇಳಲು ಅವಳೇ ಬೇಕಿತ್ತು. ನಾನು ಕೇಳಿದ ತಕ್ಷಣ ಒಪ್ಪಿದಳು. ಕುರಿ ರೊಪ್ಪದ ಹಿಂದೆ ಹುಲ್ಲಿನ ಮೇಲೆ ಬೀಳುವುದನ್ನು ಕಲಿತಳು. ಪ್ರತಿ ಸಲ ಬಿದ್ದಾಗಲೂ ನಗು ತಡೆಯಲಾಗದೆ ಎದ್ದು ಕೂರುತ್ತಿದ್ದಳು. "ಲೇ, ನಗು ಬಂದ್ಬುಟ್ರೆ ಏನ್ಲಾ ಮಾಡ್ಲಿ?" ಅಂದಳು. ಸೆರಗು ಕಚ್ಚಿಕೋ ಅಂದೆ.

ಆವತ್ತು ಅವಳು ಸೆರಗು ಕಚ್ಚಿಕೊಂಡೇ ಬಿದ್ದಳು. ಪರದೆಯ ಮೇಲೆ ಖಾಲಿ ತೊಟ್ಟಿಲು ತೂಗತೊಡಗಿದ್ದೇ ಹೆಂಗಸರ ನಡುವಿನಿಂದ ಎದ್ದ ಆ ಕೂಗಿಗೆ, ಎಲ್ಲ ಗೊತ್ತಿದ್ದ ನನ್ನ ಮೈಯೇ ಝುಂ ಅಂದಿತು. ಬಿದ್ದವಳ ಬಾಯಲ್ಲಿ ಸೆರಗು, ಹಲ್ಲು ಕಚ್ಚಿದ್ದು, ಮೈ ನಡುಗುತ್ತಿತ್ತು. ಅದು ನಗು ತಡೆಯುತ್ತಿದ್ದ ನಡುಕ ಅಂತ ತಿಳಿದಿದ್ದವನು ನಾನೊಬ್ಬನೇ. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಓಡಿದರು. ಓಡಿದವರಲ್ಲಿ ಕೊರಟಗೆರೆ ಕಡೆಯ ಒಬ್ಬ ತಾಯಿ ಇದ್ದರು. ಅವರ ಮಗ ಮೇಷ್ಟ್ರು. ಅವನಿಗೂ ನಮ್ಮ ಅಕ್ಕನಿಗೂ ಮಾತಾಗಿ, ಹೂವು ಮುಡಿಸುವುದೊಂದು ಬಾಕಿ ಇತ್ತು. ಅವರು ಆ ಆಟಕ್ಕೆ ಬಂದದ್ದು ನಮಗೆ ಗೊತ್ತಿರಲಿಲ್ಲ.

ಮಾರನೆಯ ದಿನದಿಂದ ಥಿಯೇಟರು ತುಂಬಿತು. ತುಂಬಿಸಿದವನು ನಾನೇ. ಜಟಕಾದಲ್ಲಿ ಕೂತು ಮೈಕಿನಲ್ಲಿ ಕೂಗಿದೆ — ನಿನ್ನೆ ಮ್ಯಾಟ್ನಿಯಲ್ಲಿ ದೊಡ್ಡೇರಿ ಕಡೆಯ ಹೆಣ್ಣುಮಗಳೊಬ್ಬಳಿಗೆ ದೆವ್ವ ಮೆಟ್ಟಿಕೊಂಡಿದೆ, ಗುಂಡಿಗೆ ಗಟ್ಟಿ ಇದ್ದವರು ಮಾತ್ರ ಬನ್ನಿ. ಸ್ವಂತ ಅಕ್ಕನನ್ನು ಊರೂರು ಕೂಗಿ ಹೇಳಿದೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಕೊರಟಗೆರೆಯವರು ಸಂಬಂಧ ಬೇಡ ಅಂದರು. ಅಪ್ಪ ಅಕ್ಕನನ್ನು ಮಂತ್ರಗಾರನ ಬಳಿಗೆ ಕರೆದುಕೊಂಡು ಹೋದರು. ಜೊತೆಗೆ ನಾನೂ ಹೋದೆ. ಅಷ್ಟರಲ್ಲಿ ಅವಳು ಮನೆಯಲ್ಲಿ ಹತ್ತು ಸಲ ಹೇಳಿದ್ದಳು, ಇದೆಲ್ಲ ಆಟ ಅಂತ. ಅಪ್ಪ ನಂಬಿರಲಿಲ್ಲ. ನನ್ನನ್ನು ಕೇಳಲು ನಾನು ಮನೆಯಲ್ಲೇ ಇರಲಿಲ್ಲ, ಮೈಕು ಹಿಡಿದು ಊರು ಸುತ್ತುತ್ತಿದ್ದೆ. ಇದು ಹೊರಗೆ ಬಿದ್ದರೆ ಥಿಯೇಟರಿನ ಕಡೆ ತಲೆ ಹಾಕಿಯೂ ಮಲಗಬೇಡ ಅಂತ ಮ್ಯಾನೇಜರು ಹೇಳಿದ್ದರು. ಬರುವ ತಿಂಗಳು ಆಪರೇಟರಿನ ಕೈಕೆಳಗೆ ಹಾಕುತ್ತೇನೆ ಅಂತಲೂ ಹೇಳಿದ್ದರು.

ಮಂತ್ರಗಾರನ ಹಟ್ಟಿಯ ಹೊರಗೆ ಹುಣಸೇಮರ. ಮಟಮಟ ಮಧ್ಯಾಹ್ನ. ಅಕ್ಕನನ್ನು ಮರಕ್ಕೆ ಒರಗಿಸಿ ಕೂರಿಸಿ, ಮೂಗಿನ ಕೆಳಗೆ ಮೆಣಸಿನಕಾಯಿ ಹೊಗೆ ಹಾಕಿದರು. ಮಂತ್ರಗಾರ ಬೇವಿನ ಕಡ್ಡಿಯ ಬರಲು ಎತ್ತಿ, ಯಾರು ನೀನು, ಎಲ್ಲಿಂದ ಬಂದೆ ಅಂತ ಕೇಳಿದ. ಅವಳು ಕೆಮ್ಮುತ್ತಲೇ, "ನಾನ್ ಲಕ್ಕಮ್ಮ. ನನ್ ತಮ್ಮ ಹೇಳ್ಕೊಟ್ಟಿದ್ದ. ಅಲ್ಲೇ ನಿಂತವ್ನೆ, ಕೇಳಿ" ಅಂದಳು.

ಅಪ್ಪ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ — ಇದನ್ನು ನಾನು ಹೇಳಲೇಬೇಕು — ಆಸೆ ಇತ್ತು. ಹೌದು ಅನ್ನಲಿ ಇವನು ಅಂತ ಬೇಡುವ ಹಾಗೆ ನೋಡುತ್ತಿದ್ದರು.

"ಏನ್ಲಾ ರಂಗ, ನೀನ್ ಹೇಳ್ಕೊಟ್ಟಿದ್ದೇನ್ಲಾ?"

"ಇಲ್ಲ ಕಣಪ್ಪ. ನಾನೇನೂ ಹೇಳ್ಕೊಟ್ಟಿಲ್ಲ."

ಅಷ್ಟೇ. ಎರಡೇ ಮಾತು. ಮಂತ್ರಗಾರ ತಲೆ ಆಡಿಸಿ, "ನೋಡಿದ್ರಾ, ಮನೇರ ಮ್ಯಾಲೇ ಹಾಕ್ತದೆ. ಬಲವಾಗೇ ಹಿಡ್ದೈತೆ" ಅಂದ. ಬರಲು ಬೀಸತೊಡಗಿದ. ಅಕ್ಕ ನನ್ನನ್ನು ಬಿಟ್ಟು ಬೇರೆ ಯಾರನ್ನೂ ನೋಡುತ್ತಿರಲಿಲ್ಲ. ಕೊನೆಗೆ ಅವಳ ನೆತ್ತಿಯ ಕೂದಲನ್ನು ಸುತ್ತಿ ಹುಣಸೇಮರಕ್ಕೆ ಮೊಳೆ ಹೊಡೆದರು, ಬುಡದಿಂದ ಕತ್ತರಿಸಿ ಅವಳನ್ನು ಎಬ್ಬಿಸಿದರು. ಆಗಲೂ ಬಾಯಿ ಬಿಡಬಹುದಿತ್ತು. ದಾರಿಯಲ್ಲಿ ಬಸ್ಸಿನಲ್ಲಿ ಹೇಳಬಹುದಿತ್ತು. ಮರುದಿನ, ಮರುವರ್ಷ... ಯಾವ ದಿನ ಬೇಕಾದರೂ.

ನಾನು ಆಪರೇಟರ್ ಆದೆ. ಅಕ್ಕನನ್ನು ವಳ್ಳೂರಿನ ಒಬ್ಬರಿಗೆ ಎರಡನೇ ಸಂಬಂಧಕ್ಕೆ ಕೊಟ್ಟರು. ಅವರಿಗೆ ಅಪ್ಪನಿಗಿಂತ ನಾಲ್ಕೇ ವರ್ಷ ಕಡಿಮೆ. ಮೊದಲ ಹೆಂಡತಿಯ ಮಗ ಆಗಲೇ ಎತ್ತರಕ್ಕೆ ಬೆಳೆದಿದ್ದ. ಅಕ್ಕನಿಗೆ ಮಕ್ಕಳಾಗಲಿಲ್ಲ. ಅದಕ್ಕೆ ಗಂಡನ ವಯಸ್ಸು ಕಾರಣ ಅಂತ ಯಾರೂ ಹೇಳಲಿಲ್ಲ, ತೊಟ್ಟಿಲು ಸಿನಿಮಾ ಕಾರಣ ಅಂದರು. ಯಾರ ಮನೆಯ ನಾಮಕರಣಕ್ಕೂ ಕರೆಯಲಿಲ್ಲ. ಕಾವ್ಯ ಹುಟ್ಟಿದಾಗ ನಾನೂ ಕರೆಯಲಿಲ್ಲ. ನನ್ನ ಹೆಂಡತಿ ಬೇಡ ಅಂದಳು, ನಾನು ಸುಮ್ಮನಾದೆ. ದೆವ್ವವಿಲ್ಲ ಅಂತ ಗೊತ್ತಿದ್ದವನೂ ಕರೆಯಲಿಲ್ಲ.

ಕಾವ್ಯಳ ವಿಡಿಯೋ ನೋಡಿದ ಮಾರನೆಯ ದಿನ ಬೆಳಿಗ್ಗೆ ಪಾವಗಡದ ಬಸ್ಸು ಹತ್ತಿದೆ. ಸೋಲಾರ್ ಬಂದಮೇಲೆ ವಳ್ಳೂರಿನ ಹೊಲಗಳಿದ್ದ ಕಡೆಯೆಲ್ಲ ಗಾಜಿನ ಹಲಗೆಗಳು. ಭಾವ ತೀರಿಕೊಂಡು ವರ್ಷಗಳಾಗಿವೆ. ಅಕ್ಕ ಮಲಮಗನ ಮನೆಯಲ್ಲಿದ್ದಾಳೆ. ಅವನ ಮಗಳು ಶಿಲ್ಪ ಬಾಣಂತನಕ್ಕೆ ಬಂದಿದ್ದಳು. ಒಳಗೆ ತೊಟ್ಟಿಲು, ಅಕ್ಕ ಹೊರಗೆ ಜಗಲಿಯಲ್ಲಿ ಕೂತು ಹುಣಸೇಹಣ್ಣಿನ ಬೀಜ ತೆಗೆಯುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ವಿಡಿಯೋ, ಜನರ ಮಾತು, ನಾನು ಮತ್ತೆ ಹೇಳಿದ ಸುಳ್ಳು. ಆಮೇಲೆ ಅಂದೆ, "ಅಕ್ಕ, ಆವತ್ತು ಹೇಳ್ಕೊಟ್ಟೋನು ನಾನೇ. ಅಪ್ಪನ ಮುಂದೆ ಸುಳ್ಳು ಹೇಳ್ಬುಟ್ಟೆ."

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಗುಳಕ್ಕೇ ಹೋಗಿದ್ದೆ, ನಿಜ ಹೇಳಬೇಕೆಂದರೆ. ಅವಳು ಬೀಜ ತೆಗೆಯುವುದನ್ನು ನಿಲ್ಲಿಸಲಿಲ್ಲ.

"ಇಲ್ಲ ಕಣ್ಲಾ," ಅಂದಳು. "ಮೊದ್ಮೊದ್ಲು ನಂಗೂ ಅಂಗೇ ಅನ್ನಿಸ್ತಿತ್ತು, ನೀನೇ ಹೇಳ್ಕೊಟ್ಟಿದ್ದೆ ಅಂತ. ಆದ್ರೆ ನೀನು ಅಪ್ಪನ ಮುಂದೆ ಇಲ್ಲ ಅಂದ್ಯಲ್ಲ. ನನ್ ಹೊಡೀತಾ ಇರೋವಾಗ ನನ್ ತಮ್ಮ ಸುಳ್ಳು ಹೇಳ್ತಾನಾ? ಇಲ್ಲ. ಅಂಗಾದ್ರೆ ನನ್ ಹಿಡ್ಕೊಂಡಿತ್ತಲ್ಲ, ಅದು ನನ್ನ ಬಾಯಲ್ಲಿ ಅಂಗೆ ಆಡ್ಸಿದ್ದು. ರೊಪ್ಪದ ಹಿಂದೆ ಹುಲ್ಲಿನ ಮ್ಯಾಲೆ ಬಿದ್ದಿದ್ದು, ನಕ್ಕಿದ್ದು... ಅದ್ನೂ ಅದೇ ತೋರ್ಸಿದ್ದು."

ಅಕ್ಕ ಇಷ್ಟು ವರ್ಷ ನನ್ನ ಮೇಲಿನ ಸಿಟ್ಟನ್ನು ನುಂಗಿಕೊಂಡು ಬದುಕಿದ್ದಾಳೆ ಅಂತ ತಿಳಿದಿದ್ದೆ. ಅವಳಿಗೆ ಸಿಟ್ಟೇ ಇರಲಿಲ್ಲ. ತನ್ನ ಕಣ್ಣು, ತನ್ನ ನೆನಪು, ತನ್ನ ನಗು — ಇವನ್ನೆಲ್ಲ ಬಿಟ್ಟು ಅವಳು ನನ್ನನ್ನು ನಂಬಿದ್ದಳು.

ಅವಳ ಕೈ ಹಿಡಿದು ಮತ್ತೆ ಮತ್ತೆ ಹೇಳಿದೆ. ಹುಲ್ಲು ನಿಜ, ನೀನು ನಕ್ಕಿದ್ದು ನಿಜ, ಸೆರಗು ಕಚ್ಚಿಕೋ ಅಂದದ್ದು ನಾನು. ನನ್ನ ಅಳು ಕೇಳಿ ಶಿಲ್ಪ ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ಎಲ್ಲ ಅವಳ ಕಿವಿಗೂ ಬಿದ್ದಿತ್ತು. "ಅವ್ವಾ, ಎತ್ಕೋ" ಅಂತ ಮಗುವನ್ನು ಮುಂದೆ ಹಿಡಿದಳು. ಆ ಕಡೆ ತೆಲುಗಿನ ಹಾಗೆ ಅಜ್ಜಿಯನ್ನು ಅವ್ವ ಅನ್ನುತ್ತಾರೆ.

ಅಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. "ಬ್ಯಾಡ ಕಣಮ್ಮ. ಅವ್ನು ನನ್ ತಮ್ಮ, ನನ್ ಮ್ಯಾಲಿನ ಪ್ರೀತೀಗೆ ಈಗ ಇಂಗಂತಾವ್ನೆ. ಏನಾರ ಆಗ್ಬುಟ್ರೆ?"

ಊರಿಗೆ ಬಂದ ಸಂಜೆಯೇ ಕಾವ್ಯಳಿಗೆ ಎಲ್ಲ ಹೇಳಿದೆ. ಮೂರನೆಯ ದಿನ ಅವಳೇ ಮೊಬೈಲು ಹಿಡಿದು ಬಂದು ಎದುರಿಗೆ ಕೂತು, "ಹೇಳು" ಅಂದಳು. ಅವಳನ್ನು ಕರೆದುಕೊಂಡು ಹೋಗಿ, ಅದೇ ಥಿಯೇಟರಿನ ಮೆಟ್ಟಿಲ ಮೇಲೆ ನಿಂತು, ನನ್ನ ಹೆಸರು, ಅಪ್ಪನ ಹೆಸರು, ಅಕ್ಕನ ಹೆಸರು ಹೇಳಿ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನೋಡಿದವರು ಕೆಳಗೆ ಬರೆದಿದ್ದಾರೆ — ಅಂಕಲ್ ಚೆನ್ನಾಗಿ ಆಕ್ಟಿಂಗ್ ಮಾಡುತ್ತಾರೆ, ಸಿನಿಮಾದವರು ಕಳಿಸಿರಬೇಕು. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ.

ಈಗ ವಾರಕ್ಕೊಮ್ಮೆ ವಳ್ಳೂರಿಗೆ ಹೋಗುತ್ತೇನೆ. ಹೋದಾಗಲೆಲ್ಲ ಜಗಲಿಯಲ್ಲಿ ಕೂತು, ಹೇಳಿಕೊಟ್ಟೋನು ನಾನೇ ಅಕ್ಕ ಅನ್ನುತ್ತೇನೆ. "ಆಯ್ತು ಬುಡು, ಉಣ್ಣಾಕ್ ಏಳು," ಅನ್ನುತ್ತಾಳೆ ಅವಳು. ಒಳಗೆ ಮಗು ಅತ್ತರೆ ಎದ್ದು ಬೀದಿಗೆ ಹೋಗಿ ನಿಲ್ಲುತ್ತಾಳೆ, ಅಳು ನಿಲ್ಲುವವರೆಗೂ ಬರುವುದಿಲ್ಲ. ನಾನು ಮುಂದಿನ ವಾರವೂ ಹೋಗುತ್ತೇನೆ.