ಅಳತೆ ಪುಸ್ತಕದ ಹಿಂದಿನ ಹಾಳೆಗಳು

ನನ್ನ ಅಳತೆ ಪುಸ್ತಕದಲ್ಲಿ ಕೊಪ್ಪದ ಅರ್ಧ ಪೇಟೆಯ ಹೆಂಗಸರ ತೋಳು, ಎದೆ, ಬೆನ್ನಿನ ಅಳತೆ ಇತ್ತು. ಒಡಹುಟ್ಟಿದ ಅಕ್ಕನದು ಇರಲಿಲ್ಲ. ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು ಅಕ್ಕನಿಗೆ ಒಂದು ರವಿಕೆ ಹೊಲಿದುಕೊಟ್ಟಿಲ್ಲವೆಂದರೆ ನೀವು ಜಿಪುಣಿ ಎಂದುಕೊಳ್ಳಬಹುದು. ಬರೀ ಜಿಪುಣತನವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅಳತೆ ತೆಗೆಯಬೇಕಾದರೆ ಹತ್ತಿರ ನಿಲ್ಲಬೇಕು. ಅಷ್ಟು ಹತ್ತಿರ ನಿಂತರೆ, ಅವಳಿಗೆ ಹೇಳಬೇಕಾಗಿದ್ದೂ ನಾನು ಹೇಳದೇ ಉಳಿಸಿಕೊಂಡ ಒಂದು ಮಾತು ನಮ್ಮಿಬ್ಬರ ನಡುವೆ ಮೂರನೆಯವಳ ಹಾಗೆ ಬಂದು ನಿಲ್ಲುತ್ತದೆ. ಅದಕ್ಕೆ ಹೆದರಿ ಅಳತೆಯ ಸುದ್ದಿಯನ್ನೇ ಎತ್ತದೆ ಕಾಲ ತಳ್ಳಿದೆ.

ಮೊದಲು ಆ ಪುಸ್ತಕದ ವಿಷಯ ಹೇಳಿಬಿಡುತ್ತೇನೆ. ದಪ್ಪ ರಟ್ಟಿನ ಇನ್ನೂರು ಪುಟದ ನೋಟ್‌ಬುಕ್ಕು. ಮುಂದಿನಿಂದ ಗಿರಾಕಿಗಳ ಅಳತೆ. ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ ನನ್ನ ಮಾತು. ಡೈರಿ ಎನ್ನಲು ನಾಚಿಕೆ. ಡೈರಿ ಬರೆಯುವವರು ಓದಿದವರು, ದೊಡ್ಡ ಮನುಷ್ಯರು. ಅವರು ಹೋದ ಮೇಲೆ ಯಾರಾದರೂ ಅದನ್ನು ಅಚ್ಚು ಹಾಕಿಸುತ್ತಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನದನ್ನು ಅಚ್ಚು ಹಾಕಿಸಿದರೆ ಲೋಕಕ್ಕೆ ಸಿಗುವುದು, 'ಇವತ್ತು ಸಾರಿಗೆ ನಾನು ಉಪ್ಪು ಹಾಕಿದ ಮೇಲೆ ಅತ್ತೆಯೂ ಹಾಕಿದರು, ಊಟಕ್ಕೆ ಕೂತವರೆಲ್ಲ ನನ್ನ ಮುಖ ನೋಡಿದರು' ಎಂಬಂಥ ಇತಿಹಾಸ.

ಬರವಣಿಗೆ ಶುರುವಾದದ್ದೇ ಆ ಸಾರಿನಿಂದ. ಅವತ್ತು ಅತ್ತೆಗೆ ಎದುರಾಡಬಾರದೆಂದು ಅಂಗಡಿಗೆ ಬಂದವಳೇ ಕೈಗೆ ಸಿಕ್ಕಿದ ಅಳತೆ ಪುಸ್ತಕವನ್ನು ತಿರುಗಿಸಿ ಒಂದು ಪುಟದ ತುಂಬ ಸಿಟ್ಟು ಬರೆದೆ. ಮಾರನೆಯ ಬೆಳಿಗ್ಗೆ ಓದಿದರೆ ಆ ಸಿಟ್ಟು ಬೇರೆ ಯಾರದೋ ಅಳತೆಗೆ ಹೊಲಿದ ರವಿಕೆಯಂತೆ ದೊಗಳೆಯಾಗಿ ಕಂಡಿತು. ನನಗೆ ನಗು ಬಂತು. ಅಲ್ಲಿಂದ ಅಭ್ಯಾಸವಾಯಿತು. ಗಿರಾಕಿ ಇಲ್ಲದ ಮಧ್ಯಾಹ್ನ ನಾಲ್ಕು ಸಾಲು ಗೀಚಿದರೆ, ಬಿಗಿಯಾಗಿದ್ದ ಹೊಲಿಗೆಯ ಒಂದೆರಡು ಎಳೆ ಬಿಚ್ಚಿದಷ್ಟು ಹಗುರ. ಮನೆಯವರು ಒಮ್ಮೆ ಇಣುಕಿ, "ಎಂತ ಮಾರಾಯ್ತಿ, ಯಾರ ಮೇಲೆ ಕಂಪ್ಲೇಂಟ್ ಬರೀತಿದೀಯ? ನನ್ನ ಹೆಸರು ಎಷ್ಟನೇ ನಂಬರು?" ಎಂದು ಕೇಳಿ ಹೋದರು. ಓದಲಿಲ್ಲ. ಆ ಮಟ್ಟಿಗೆ ಅವರು ನನಗಿಂತ ಒಳ್ಳೆಯವರು.

ಯಾಕೆಂದರೆ ನಾನು ಓದಿದವಳು. ನನ್ನದನ್ನಲ್ಲ, ಅಕ್ಕನದನ್ನು.

ನಮ್ಮ ತವರು ಮೇಗುಂದದ ಕಡೆ. ಅಕ್ಕ ಜಲಜ ನನಗಿಂತ ಆರು ವರ್ಷಕ್ಕೆ ದೊಡ್ಡವಳು, ಎಸ್ಸೆಸ್ಸೆಲ್ಸಿ ಪಾಸಾದವಳು. ನನಗೆ ಅಕ್ಷರ ಹತ್ತಿದ್ದು ಮೇಷ್ಟರಿಂದಲ್ಲ, ಅವಳಿಂದ. ತಡವರಿಸಿ ಓದುವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪದದ ಕೆಳಗೆ ಬೆರಳಿಟ್ಟು, "ಓಡ್ಬೇಡ, ನಡಿ. ಒಂದೊಂದೇ ಅಕ್ಷರದ ಮೇಲೆ ಕಾಲಿಡು" ಎನ್ನುತ್ತಿದ್ದಳು. ಅವಳೊಂದು ನೋಟ್‌ಬುಕ್ಕಿನಲ್ಲಿ ಏನೋ ಬರೆದು ಮಡಿಚಿಟ್ಟ ಕಂಬಳಿಗಳ ಅಡಿಯಲ್ಲಿ ಇಡುತ್ತಾಳೆಂಬುದು ನನಗೆ ಮಾತ್ರ ಗೊತ್ತಿತ್ತು.

ಹಲಸಿನ ಹಪ್ಪಳದ ಕಾಲ. ನಮ್ಮ ಕಡೆ ಹಪ್ಪಳ ಒಬ್ಬರ ಮನೆಯ ಕೆಲಸವಲ್ಲ. ಇವತ್ತು ನಮ್ಮಲ್ಲಿ, ನಾಳೆ ಅವರಲ್ಲಿ ಎಂದು ಸುತ್ತಲಿನ ಹೆಂಗಸರೆಲ್ಲ ಸೇರಿ, ಬೇಯಿಸಿ ಕುಟ್ಟಿದ ತೊಳೆಯ ಹಿಟ್ಟನ್ನು ಉಂಡೆ ಮಾಡಿ, ಮಣೆಯಿಂದ ಒತ್ತಿ, ಚಾಪೆಯ ಮೇಲೆ ಹರವುತ್ತಾರೆ. ಕೈಗೆ ಕೆಲಸವಿರುತ್ತದೆ, ಕಿವಿ ಖಾಲಿ. ಆ ಕಿವಿ ತುಂಬಿಸುವವರಿಗೆ ಅಲ್ಲಿ ಬಹಳ ಮರ್ಯಾದೆ. ಅವತ್ತು ಅಕ್ಕ ಒಳಗೆ ಹಿಟ್ಟು ಕುಟ್ಟಿಸುತ್ತಿದ್ದಳು. ಹದಿಮೂರು ವರ್ಷದ ನಾನು ಕಾಗೆ ಕಾಯುವ ಕೆಲಸ ಬಿಟ್ಟು, ಕಂಬಳಿಯ ಅಡಿಯಿಂದ ಆ ಪುಸ್ತಕ ತಂದು ಅಂಗಳದ ನಡುವೆ ನಿಂತು ಓದಿದೆ.

ಹಿಂದಿನ ವಾರ ಶೃಂಗೇರಿ ಕಡೆಯಿಂದ ಅಕ್ಕನನ್ನು ನೋಡಲು ಒಂದು ಗಂಡು ಬಂದುಹೋಗಿತ್ತು. ಆಗುವುದಿಲ್ಲವೆಂದು ಎರಡೇ ದಿನದಲ್ಲಿ ಸುದ್ದಿಯೂ ಬಂದಿತ್ತು. ಅಕ್ಕ ಬರೆದದ್ದು ಆ ಎರಡು ದಿನದ ನಡುವೆ. 'ಅವರು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಇಷ್ಟವಿಲ್ಲದ ಮನೆಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ನೀರು ಕೊಡುವಾಗ ಲೋಟ ನೋಡದೆ ನನ್ನನ್ನು ನೋಡಿದರು. ಶೃಂಗೇರಿಯಲ್ಲಿ ಅವರ ಮನೆಗೆ ಹೊಳೆಯ ದಾರಿ ಎಷ್ಟು ದೂರವೋ.' ಎರಡು ಪುಟ ಹೀಗೇ.

"ಉಪ್ಪಿಟ್ಟಿಗೆ ಒಪ್ಪಿದ್ದೇ ಮಾರಾಯ್ತಿ, ಹುಡ್ಗಿಗಲ್ಲ" ಎಂದು ಒಬ್ಬರು ಅಂದರು. ಹೆಂಗಸರು ಮಣೆ ಬಿಟ್ಟು ನಕ್ಕರು. "ಚೆನ್ನಾಗಿ ಓದ್ತಾಳಲ್ಲೇ ಈ ಕೂಸು" ಎಂದರು ಇನ್ನೊಬ್ಬರು. ಶಾಲೆಯಲ್ಲಿ ಒಂದು ಸಾಲಿಗೆ ನಾಲ್ಕು ಸಲ ಮುಗ್ಗರಿಸುತ್ತಿದ್ದವಳು ಅವತ್ತು ಒಮ್ಮೆಯೂ ಮುಗ್ಗರಿಸಲಿಲ್ಲ. ಅಕ್ಕ ಹೇಳಿಕೊಟ್ಟ ಹಾಗೆ ಒಂದೊಂದೇ ಅಕ್ಷರದ ಮೇಲೆ ಕಾಲಿಟ್ಟು ಓದಿದೆ. ತಲೆಯೆತ್ತಿದಾಗ ಅವಳು ಹಿಟ್ಟಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಪಾತ್ರೆ ಇಳಿಸಿ, "ಹಿಟ್ಟು ಒಣಗ್ತದೆ, ಕೈ ಆಡ್ಸಿ" ಎಂದಳು. ಕೂತು ಸಂಜೆಯವರೆಗೆ ಹಪ್ಪಳ ಒತ್ತಿದಳು.

ಮರುದಿನ ಬೆಳಿಗ್ಗೆ ಬಚ್ಚಲೊಲೆಯ ಮುಂದೆ ನಾನು ಕೂತಿದ್ದಾಗ ಬಂದು, ಆ ಪುಸ್ತಕವನ್ನು ನನ್ನ ಕಣ್ಣೆದುರೇ ಬೆಂಕಿಗಿಟ್ಟು ಹೋದಳು. ರಟ್ಟು ಹತ್ತಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು, ಕೈಹಾಕಿ ಎಳೆಯಬಹುದಿತ್ತು. ಎಳೆಯಲಿಲ್ಲ. ಹಂಡೆಯ ನೀರು ಕಾಯಿತು, ಅದೇ ನೀರಲ್ಲಿ ಮಿಂದೆ.

ಇದರಿಂದ ಅಕ್ಕನ ಬಾಳೇನೂ ಹಾಳಾಗಲಿಲ್ಲ. ಮರುವರ್ಷ ಶೆಟ್ಟಿಕೊಪ್ಪಕ್ಕೆ ಮದುವೆಯಾಯಿತು; ಭಾವ ಒಳ್ಳೆಯವರು. ಆದರೆ ಒಂದು ಉಪ್ಪಿಟ್ಟಿನ ಮೇಲೆ ಎರಡು ಪುಟ ಬರೆದ ಹುಡುಗಿ ಗಂಡನ ಮನೆಯಿಂದ ಬರೆದ ಕಾಗದಗಳೆಲ್ಲ 'ನಾವು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ' ಎಂಬಲ್ಲಿಗೆ ಮುಗಿಯುತ್ತಿದ್ದವು. ಫೋನು ಬಂದ ಮೇಲೂ ಅಷ್ಟೇ. ಹೇಗಿದ್ದೀಯೆಂದರೆ ಚೆನ್ನಾಗಿದ್ದೇನೆ ಎನ್ನುವಳು, ಅದರಾಚೆ ನನ್ನನ್ನು ಒಂದು ಹೆಜ್ಜೆಯೂ ಬಿಡುತ್ತಿರಲಿಲ್ಲ. ಹುಡುಗಾಟ, ಅವಳೂ ಮರೆತಿರುತ್ತಾಳೆ ಎಂದು ನಾನು ನನ್ನನ್ನೇ ಸಮಾಧಾನ ಮಾಡಿಕೊಂಡಿದ್ದೆ.

ಆ ಸಮಾಧಾನ ಕಿತ್ತುಹೋದದ್ದು ಅಂಗಡಿಯಲ್ಲಿ. ಹಬ್ಬದ ಮುಂಚಿನ ಗಲಾಟೆ; ನಾಲ್ಕೈದು ಹೆಂಗಸರು ಕೂತಿದ್ದರು. ತನ್ನ ಅಳತೆ ಹುಡುಕುತ್ತೇನೆಂದು ಅಂಗನವಾಡಿಯ ಪದ್ಮ ಪುಸ್ತಕವನ್ನು ತಿರುಗುಮುರುಗಾಗಿ ತೆರೆದಳು. ಕಣ್ಣಿಗೆ ಬಿದ್ದದ್ದನ್ನು ಗಟ್ಟಿಯಾಗಿ ಓದಿಯೇಬಿಟ್ಟಳು: "'ಇವತ್ತು ಇಡೀ ದಿನ ಯಾರೂ ನನ್ನ ಹೆಸರು ಹಿಡಿದು ಕರೆಯಲಿಲ್ಲ.' ಅಯ್ಯೋ ಸುಗುಣಕ್ಕ, ಮೊದ್ಲೇ ಹೇಳ್ಬಾರ್ದಿತ್ತಾ? ದಿನಾ ಬಂದು ಕರ್ದು ಹೋಗ್ತಿದ್ವಲ್ಲ." ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಪ್ರೀತಿಯ ನಗುವೇ. ನಾನೂ ನಕ್ಕೆ. ನಗುತ್ತಲೇ, ಕೈಯಲ್ಲಿದ್ದ ಯಾರದೋ ತೋಳಿನ ಬಟ್ಟೆಯನ್ನು ಒಂದಿಂಚು ಹೆಚ್ಚು ಕತ್ತರಿಸಿದೆ. ಪ್ರೀತಿಯ ನಗುವೇ ಇಷ್ಟು ಸುಡುವುದಾದರೆ ಅಂಗಳದ ಆ ನಗು ಹೇಗೆ ಸುಟ್ಟಿರಬೇಕು ಎಂದು, ಅಷ್ಟು ವರ್ಷಗಳ ಮೇಲೆ, ನನ್ನ ಮೈಗೇ ಗೊತ್ತಾಯಿತು.

ಆಮೇಲೆ ಅಕ್ಕನ ಹತ್ತಿರ ತಪ್ಪೊಪ್ಪಿಕೊಳ್ಳುವುದನ್ನು ಹಿಂದಿನ ಹಾಳೆಗಳಲ್ಲಿ ಬರೆಯತೊಡಗಿದೆ. ಮೊದಲ ಸಲದ್ದು ಮೂರು ಪುಟ. ನಾನು ಚಿಕ್ಕವಳಿದ್ದೆ, ತಿಳಿವಳಿಕೆ ಇರಲಿಲ್ಲ, ಎಲ್ಲರೂ ನಕ್ಕರು, ಅಕ್ಕನಾದರೂ ಬೈಯಬಹುದಿತ್ತು. ತಿಂಗಳು ಬಿಟ್ಟು ಓದಿದರೆ ಅದರಲ್ಲಿ ತಪ್ಪು ನನ್ನದೊಂದನ್ನು ಬಿಟ್ಟು ಎಲ್ಲರದೂ ಇತ್ತು. ಮತ್ತೆ ಬರೆದೆ, ಎರಡು ಪುಟವಾಯಿತು. ಮತ್ತೆ, ಅರ್ಧ. ನಾನು ಬರೆದು ಕಲಿತದ್ದೇನಾದರೂ ಇದ್ದರೆ ಇಷ್ಟೇ: ಮನಸ್ಸಿನಲ್ಲಿಟ್ಟುಕೊಂಡ ನೆಪಗಳು ಬೆಳೆಯುತ್ತಲೇ ಹೋಗುತ್ತವೆ, ಹಾಳೆಗೆ ಇಳಿಸಿದವು ಓದಿದಷ್ಟು ಸಲ ಸಣ್ಣಗಾಗುತ್ತವೆ. ಕೊನೆಗೆ ಉಳಿದದ್ದು ಎರಡು ಸಾಲು. ಆದರೆ ಹಾಳೆಗೆ ಕಿವಿಯಿಲ್ಲ. ಕೇಳಬೇಕಾದವಳು ಶೆಟ್ಟಿಕೊಪ್ಪದಲ್ಲಿದ್ದಳು.

ಮೊನ್ನೆ ಅವಳೇ ಬಂದಳು. ಭಾವನ ತಂಗಿಯ ಮನೆಯ ಗೃಹಪ್ರವೇಶ, ಅದೂ ಶೃಂಗೇರಿಯಲ್ಲಿ. ನರಸಿಂಹರಾಜಪುರದಲ್ಲಿ ಅವಳಿಗೆ ಹೊಲಿಯುತ್ತಿದ್ದವರು ಕಣ್ಣು ಕಾಣದೆಂದು ಅಂಗಡಿ ಮುಚ್ಚಿದ್ದಾರಂತೆ. ಹೊಸ ಬಟ್ಟೆಯ ಜೊತೆ ಅಳತೆಗೆಂದು ಒಂದು ಹಳೆಯ ರವಿಕೆ ಮುಂದಿಟ್ಟಳು.

"ಹಳೇದು ಬೇಡ ಅಕ್ಕ. ನಿಂತ್ಕೋ, ಅಳತೆ ತಗೊಳ್ತೀನಿ" ಎಂದೆ.

ಟೇಪು ಹುಡುಕಿ ತಿರುಗುವಷ್ಟರಲ್ಲಿ ಅವಳು ಮೇಜಿನ ಮೇಲಿನ ಪುಸ್ತಕ ತೆರೆದಿದ್ದಳು. ಅದೂ ಹಿಂದಿನಿಂದ. ಅಕ್ಕ ಥಟ್ಟನೆ ಮುಚ್ಚಿ, ಮೇಲೆ ಕೈಯಿಟ್ಟಳು.

"ನಾ ಓದ್ಲಿಲ್ಲ ಕಣೇ" ಎಂದಳು. "ನಿಂದು ಅಂತ ಗೊತ್ತಾಯ್ತು, ಮುಚ್ಚಿದೆ. ಬರೀತಿರು. ಒಳ್ಳೇದು ಅದು."

ಬೆನ್ನಿನ ಅಳತೆಗೆ ಅವಳ ಹಿಂದೆ ನಿಂತೆ. ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಟೇಪು ಹಿಡಿದೆ. ಹದಿನಾಲ್ಕೂವರೆ. ಪುಸ್ತಕ ಅವಳ ಕೈಯಡಿಯಲ್ಲೇ ಇತ್ತು, ಬರೆಯಲು ಕೇಳಲಿಲ್ಲ. ಬಾಯಿಪಾಠವಾಗಿದ್ದ ಎರಡು ಸಾಲೂ ಮರೆತುಹೋಗಿದ್ದವು. ಒಂದೊಂದೇ ಅಕ್ಷರದ ಮೇಲೆ ಕಾಲಿಟ್ಟು ಹೇಳಿದೆ:

"ಅಕ್ಕ, ಹಪ್ಪಳದ ದಿನ ನಿನ್ನ ಪುಸ್ತಕ ಓದಿದ್ದು ನಂದೇ ತಪ್ಪು. ಒಲೆಯಿಂದ ಎಳೀದೆ ಕೂತಿದ್ದೂ ನಂದೇ. ತಪ್ಪಾಯ್ತು ಅಕ್ಕ."