ಹದಿನೇಳನೆಯ ಸಾಲು

ನಾನ್‌ಜಿಂಗಿನ ನಮ್ಮ ಕಂಪ್ಯೂಟರ್ ಕಾರ್ಖಾನೆಯಲ್ಲಿ ಮ್ಯಾವ್ ಗ್ವೀಲಾನ್‌ಗೆ ಇದ್ದದ್ದು ಚೌಕ ತುಂಬುವ ಕೆಲಸ. ಅಡ್ಡಕ್ಕೆ ಹದಿನಾರು, ಉದ್ದಕ್ಕೆ ಹದಿನಾರು ಸಾಲಿನ ಚೌಕಳಿ ಹಾಳೆಯಲ್ಲಿ ಒಂದೊಂದು ಅಕ್ಷರವನ್ನೂ ಮಸಿಚುಕ್ಕೆಗಳಲ್ಲಿ ಕೂರಿಸಬೇಕು. ಅವೇ ಚುಕ್ಕೆಗಳು ಕಂಪ್ಯೂಟರಿನ ಪರದೆಯ ಮೇಲೆ ಹೊಳೆಯುತ್ತವೆ. ಎಂಬತ್ಮೂರರ ಮಾತು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರದವರು ತಮ್ಮ ಮೈಗೆ ಹೊಲಿಸಿಕೊಂಡ ಅಂಗಿಯೊಳಗೆ ನಮ್ಮ ಸಾವಿರಾರು ಅಕ್ಷರಗಳು ತೂರಬೇಕಿತ್ತು.

ಆಕೆ ಹಂಗಾಮಿ. ಕಾಯಂ ಆದರೆ ಕಾರ್ಖಾನೆಯ ವಸತಿಯಲ್ಲಿ ಒಂದು ಕೋಣೆ. ಅಲ್ಲಿಯವರೆಗೆ ಅತ್ತೆಯ ಕೋಣೆಯಲ್ಲೇ, ನಡುವೆ ಬಟ್ಟೆ ಕಟ್ಟಿಕೊಂಡು ಸಂಸಾರ.

ನಮ್ಮಲ್ಲಿ ಒಂದು ಮಾತಿಗೆ ಒಂದು ಅಕ್ಷರ; ಅಡ್ಡಿಯಾದದ್ದು ‘ಗಡಿ’ ಎಂಬ ಅರ್ಥದ ಅಕ್ಷರ. ಅದರ ಬಲಭಾಗದಲ್ಲಿ ಒಂದರ ಕೆಳಗೊಂದು ಎರಡು ಚೌಕ, ಹೊಲದ ಗುರುತು. ಮೇಲೆ, ನಡುವೆ, ಕೆಳಗೆ ಮೂರು ಗಡಿಗೆರೆ. ಪ್ರತಿ ಹೊಲಕ್ಕೂ ಮೇಲಂಚು, ಕೆಳಅಂಚು, ಮಧ್ಯೆ ಬದು. ಒಟ್ಟು ಒಂಬತ್ತು ಅಡ್ಡಗೆರೆ, ನಡುವೆ ಎಂಟು ಖಾಲಿ ಸಾಲು. ಹದಿನೇಳಾಯಿತು. ಯಂತ್ರ ಕೊಡುವುದು ಹದಿನಾರು.

ಗ್ವೀಲಾನ್ ಕೆಳಗಿನ ಗಡಿಗೆರೆ ತೆಗೆದಳು. ಅಕ್ಷರ ಪರದೆಗೆ ಬಂದ ದಿನ ವಿಭಾಗದ ಮುಖ್ಯಸ್ಥ ಬಾವ್ ಕನ್ನಡಕ ಏರಿಸಿದರು.

“ಏನಮ್ಮಾ ಇದು? ದೇಶದ ಗಡಿ ಎಲ್ಲಿ?”

“ಜಾಗ ಸಾಲ್ಲಿಲ್ಲ ಸಾಹೇಬ್ರೇ.”

“ಜಾಗ ಸಾಲ್ಲಿಲ್ಲ ಅಂತ ದೇಶ ಬಿಟ್ಕೊಡ್ತೀಯಾ? ಮನಸ್ಸು ಮಾಡಿದ್ರೆ ಒಂಬತ್ತೂ ಹಿಡಿಸುತ್ತೆ.”

“ಹಿಡಿಸೋಕೆ ಇದೇನು ಬಸ್ಸಾ ಸಾಹೇಬ್ರೇ, ಸ್ವಲ್ಪ ಒಳಗೆ ಸರೀರಿ ಅನ್ನೋಕೆ?”

ಯಾರೋ ಕಿಸಕ್ಕೆಂದರು. ಬಾವ್ ನಗಲಿಲ್ಲ. ಗಡಿ ಸರಿಹೋಗುವವರೆಗೆ ಕಾಯಂ ಮಾತು ಎತ್ತಬೇಡ ಎಂದುಬಿಟ್ಟರು.

ಆಕೆ ಹಾಳೆ ಹಿಡಿದು ಮೇಜಿನಿಂದ ಮೇಜಿಗೆ ಹೋದಳು. “ನೀವೇ ಹೇಳಿ, ಯಾವ ಗೆರೆ ತೆಗೀಲಿ?” ದಿನವಿಡೀ ಎಲ್ಲದರ ಬಗ್ಗೆಯೂ ಮಾತಾಡುವ ಎಂಜಿನಿಯರುಗಳಿಗೆ ಒಮ್ಮೆಲೇ ಟೀ ಬಾಯಾರಿಕೆ. ನನ್ನ ಪಕ್ಕದ ಮೇಜಿನ ಎಂಜಿನಿಯರ್ ಶೂ ಮಾತ್ರ ಪಿಸುಗುಟ್ಟಿದ: “ಗ್ವೀಲಾನಕ್ಕಾ, ನನ್ನ ಕೇಳ್ಬೇಡ. ನಂಗೆ ಹೆಂಡ್ತಿ ಮಕ್ಕಳಿದ್ದಾರೆ.”

“ನಂಗೇನು ಬೆಕ್ಕು ಮರೀನಾ ಇರೋದು?” ಎಂದು ಆಕೆ ಹಾಳೆ ಕಿತ್ತುಕೊಂಡಳು.

ಮರುದಿನ ಹೊಸ ಹಾಳೆ ತಂದಳು. ಬಾವ್ ಬೆರಳಿಟ್ಟು ಎಣಿಸಿದರು: ಮೇಲಿನ ಗಡಿ ಇದೆ, ನಡುವಿನದು ಇದೆ, ಕೆಳಗಿನದೂ ಇದೆ.

“ನೋಡಿದ್ಯಾ? ಮನಸ್ಸು ಮಾಡಿದ್ರೆ ಆಗುತ್ತೆ. ಹೇಗೆ ಹಿಡಿಸಿದೆ?”

“ಕೆಳಗಿನ ಹೊಲದ ಬದು ಅಳಿಸಿದೆ.”

“ಓ, ಹೊಲದ್ದಾ.” ಬಾವ್ ಸಹಿ ಹಾಕಿದರು. “ಅದನ್ನ ಯಾರು ಕೇಳ್ತಾರೆ ಬಿಡು.”

ಕೇಳಿದವರಿಲ್ಲ, ನಿಜ. ಗ್ವೀಲಾನ್‌ಳ ಅಪ್ಪ ಒಬ್ಬ ಕೇಳಿದ್ದ. ಸರ್ಕಾರ ಊರಿನ ಹೊಲಗಳನ್ನೆಲ್ಲ ಬದು ಅಳಿಸಿ ಒಂದು ಮಾಡಿದ ವರ್ಷ, ತನ್ನ ಬದುವಿನ ಮೇಲೆ ನಿಂತು. ಉತ್ತರವಾಗಿ ಅವನನ್ನು ಸಭೆಯ ಮುಂದೆ ತಲೆ ತಗ್ಗಿಸಿ ನಿಲ್ಲಿಸಿದ್ದರು. ಈ ಕತೆ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ; ಆಗ ಆಕೆ ಕಚೇರಿಯಲ್ಲಿ ಹೇಳಿರಲಿಲ್ಲ. ಹಂಗಾಮಿಗಳು ಹೇಳುವುದಿಲ್ಲ.

ವಸಂತದ ಹಬ್ಬದ ಮುಂಚೆ ಕಾಯಂ ಆಯಿತು, ಕೋಣೆಯೂ ಸಿಕ್ಕಿತು. ಆಕೆ ಮೇಜು ಮೇಜಿಗೂ ಹಾಲಿನ ಮಿಠಾಯಿ ಹಂಚಿದಳು. ಬಾವ್ ಎರಡು ತೆಗೆದುಕೊಂಡರು.

“ಗಡಿ ಉಳಿಸಿದೋಳು ನೀನು!”

“ಹೌದು ಸಾಹೇಬ್ರೇ,” ಎಂದಳು ಗ್ವೀಲಾನ್. “ಇನ್ನೊಂದು ತಗೊಳ್ಳಿ. ಹೊಲದೋರ ಪಾಲಿಂದು ಹಾಗೇ ಉಳಿದಿದೆ.”

ಬಾವ್ ಅದನ್ನೂ ತೆಗೆದುಕೊಂಡರು.