ತೆಗೆದ ಹದಿನಾರು ಪುಟ

ನಾನು ಬೀದರಿಗೆ ಬಂದಿಳಿದ ದಿನ ಮನೆಯೊಡತಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ನನ್ನ ಗಂಡನ ಕಡೆ ತಿರುಗಿ, "ಇವರಿಗಿ ಕನ್ನಡ ಬರಂಗಿಲ್ಲೇನ್ರಿ?" ಎಂದು ಕೇಳಿದರು.

ನಾನು ಕೇಳಿದ್ದು ಇಷ್ಟೇ: "ನಲ್ಲೀಲಿ ದಿನಾ ನೀರ್ ಬತ್ತುದಾ ಅಮ್ಮ?" ಹುಟ್ಟಿದ್ದು ಚಾಮರಾಜನಗರ. ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಹದಿನೆಂಟು ವರ್ಷ ಕನ್ನಡ ಪುಸ್ತಕಗಳಿಗೆ ಅಕ್ಷರ ಜೋಡಿಸಿ, ಕರಡು ತಿದ್ದಿ ಬದುಕಿದವಳು. ಕನ್ನಡ ಬಿಟ್ಟರೆ ನನಗೆ ಬೇರೆ ಕಸುಬಿಲ್ಲ, ಬೇರೆ ಭಾಷೆಯೂ ಇಲ್ಲ. ಅದೇ ರಾಜ್ಯದ ಇನ್ನೊಂದು ತುದಿಗೆ ಬಂದ ಮೊದಲ ಗಳಿಗೆಯಲ್ಲೇ ಆ ಒಂದೂ ಕೈಬಿಟ್ಟಿತು.

ಮೈಸೂರಿನ ಪ್ರೆಸ್ ಮುಚ್ಚಿತ್ತು. ನನ್ನ ಗಂಡ ನಾಗರಾಜುಗೆ ಇಲ್ಲಿ ಬೀದರಿನ ಹೊರಗಿನ ಕೊಳಾರದ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ನಾಲ್ಕು ತಿಂಗಳು ಮೊದಲೇ ಬಂದಿದ್ದ. ಹಳೆಯ ಊರಿನ ಓಣಿಯೊಂದರಲ್ಲಿ ಮಾಳಿಗೆಯ ಮೇಲಿನ ಎರಡು ಕೋಣೆ ಹಿಡಿದಿದ್ದ. ಕೆಳಗೆ ಮನೆಯೊಡತಿ ಖೈರುನ್ನೀಸಾ ಒಬ್ಬರೇ. ಓಣಿಗೆಲ್ಲ ಅವರು ಖಾಲಾ, ಎಂದರೆ ಚಿಕ್ಕಮ್ಮ. ಎಪ್ಪತ್ತು ದಾಟಿದವರು.

ಮೊದಲ ವರ್ಷ ನಾನು ಎಣಿಸಿದ್ದೆಲ್ಲ ಇಲ್ಲದಿರುವುದನ್ನೇ. ನಮ್ಮ ಕಡೆ ಮಧ್ಯಾಹ್ನ ಬಾಗಿಲು ತೆರೆದಿಟ್ಟು ಕೂತರೆ ನಾಲ್ಕು ಜನ ಹಾದುಹೋಗುವಾಗ ಉಂಡೆಯಾ ಎಂದು ಕೇಳುತ್ತಾರೆ. ಇಲ್ಲಿಯ ಬಿಸಿಲಿಗೆ ಬಾಗಿಲು ತೆರೆದಿಡುವಂತೆಯೇ ಇಲ್ಲ. ರಾಗಿ ಹುಡುಕಿಕೊಂಡು ಭಾಲ್ಕಿಯ ಸಂತೆಯವರೆಗೂ ಹೋದೆ. ತೊಗರಿ, ಉದ್ದು, ಹೆಸರಿನ ಚೀಲಗಳ ನಡುವೆ ಕೂತಿದ್ದ ಅಂಗಡಿಯವರು ಕನಿಕರದಿಂದ ನೋಡಿ, "ಶುಗರ್ ಅದ ಏನ್ರಿ ನಿಮಗ?" ಎಂದರು. ನಮ್ಮ ಊಟ ಇಲ್ಲಿ ರೋಗಿಗಳ ಪಥ್ಯ. ನಾಗರಾಜು ಕಾರ್ಖಾನೆಯ ಬಸ್ಸು ಹತ್ತಿದ ಮೇಲೆ ಸಂಜೆಯವರೆಗೆ ನಾನು ಯಾರೊಡನೆಯೂ ಮಾತಾಡದ ದಿನಗಳು ಎಷ್ಟೋ ಇದ್ದವು.

ಎರಡನೆಯ ವರ್ಷ ಇಲ್ಲಿಯದೇ ಒಂದು ಪ್ರೆಸ್ಸಿನಲ್ಲಿ ಕೆಲಸ ಸಿಕ್ಕಿತು. ಮೊದಲು ಬಂದ ದೊಡ್ಡ ಕೆಲಸ ಬೀದರಿನ ಇತಿಹಾಸ. ಬರೆದವರು ನಿವೃತ್ತ ಶಿಕ್ಷಕರು. ಔರಾದ ತಾಲ್ಲೂಕಿನ ಎಕಂಬಾದಲ್ಲಿ ಹುಟ್ಟಿ, ಹತ್ತಾರು ಸಾಲೆಗಳಲ್ಲಿ ಪಾಠ ಹೇಳಿ, ಈಗ ಭಾಲ್ಕಿಯಲ್ಲಿ ನೆಲೆಸಿದ್ದ ಮಾಸ್ತರರು. ಇಪ್ಪತ್ತು ವರ್ಷದ ಟಿಪ್ಪಣಿಗಳನ್ನು ಗೋಣಿಚೀಲದಲ್ಲಿ ಹೊತ್ತು ತಂದಿದ್ದರು.

"ಮೊದಲ ಕಾದಂಬರಿ ಬರೀಬೇಕಂತ ಮಾಡಿದ್ದೆ ಬಾಯಾರ," ಎಂದರು. ಇಲ್ಲಿ ಹೆಂಗಸರನ್ನು ಗೌರವದಿಂದ ಹಾಗೆ ಕರೆಯುತ್ತಾರೆ. "ಕಾದಂಬರಿ ಬರದರ, ಇದರಾಗ ನಾ ಯಾರು ಅಂತ ಎಲ್ಲಾರೂ ಸಿಟ್ಟಿಗೇಳ್ತಾರ. ಇತಿಹಾಸ ಬರದರ, ನಾ ಯಾಕ ಇಲ್ಲ ಅಂತ ಸಿಟ್ಟಿಗೇಳ್ತಾರ. ಎರಡನೇದೇ ವಾಸಿ ಅನಸ್ತು."

ನಾನು ಊರುಗಳನ್ನು ಕರಡು ತಿದ್ದುತ್ತಲೇ ಕಲಿತವಳು. ಮೈಸೂರಿನ ಗಲ್ಲಿಗಳ ಬಗ್ಗೆ, ಚುನಾವಣೆಗಳ ಬಗ್ಗೆ, ಗರಡಿಮನೆಗಳ ಬಗ್ಗೆ ಎಷ್ಟೋ ಕಾದಂಬರಿ, ಎಷ್ಟೋ ಚರಿತ್ರೆಗೆ ಅಕ್ಷರ ಜೋಡಿಸಿದ್ದೆ. ಅವುಗಳಲ್ಲಿ ಬೀದರ್ ಬಂದರೆ ಒಂದು ಸಾಲು, ಅದೂ ಕೋಟೆಯ ಹೆಸರು ಹೇಳಲು. ಮಾಸ್ತರರ ಹಸ್ತಪ್ರತಿಯಲ್ಲಿ ಕೋಟೆ ಬೇಗ ಮುಗಿದು ಓಣಿಗಳು ಶುರುವಾಗುತ್ತಿದ್ದವು. ಯಾವ ಬಾವಿಯ ನೀರು ಯಾರಿಗೆ, ಯಾವ ಕಟ್ಟೆಯ ಮೇಲೆ ಯಾವ ಪಕ್ಷದವರು ಕೂತರು, ಯಾವ ಸಾಲೆಯಲ್ಲಿ ಯಾವ ವರ್ಷದಿಂದ ಉರ್ದು ಹೋಗಿ ಕನ್ನಡ ಬಂತು. ಬೆಳಿಗ್ಗೆ ಟೈಪ್ ಮಾಡಿದ ಓಣಿಯಲ್ಲಿ ಸಂಜೆ ನಡೆದು ಮನೆಗೆ ಬರುತ್ತಿದ್ದೆ. ಆ ಒಂದು ವರ್ಷ ಈ ಊರು ನನ್ನದಾಗಬಹುದು ಎನ್ನಿಸಿತ್ತು.

ಖಾಲಾ ನನಗೆ ಜೋಳದ ರೊಟ್ಟಿ ತಟ್ಟಲು ಕಲಿಸುತ್ತಿದ್ದ ಒಂದು ಸಂಜೆ ಪುಸ್ತಕದ ವಿಷಯ ಹೇಳಿದೆ. ಅವರ ಕೈ ನಿಂತಿತು.

"ನಮ್ ಅಬ್ಬಾಂದು ಅದ ಏನ್ ಅದರಾಗ?"

ಅವರ ತಂದೆ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವರು. ಸಂಜೆ ಐದಕ್ಕೆ ಓಣಿಯ ಮೂಲೆಯ ಚಹಾದಂಗಡಿಗೆ ಹೋಗಿ ಅಖಬಾರ್, ಎಂದರೆ ಪತ್ರಿಕೆ, ಗಟ್ಟಿಯಾಗಿ ಓದುತ್ತಿದ್ದರು. ಉರ್ದು, ಮರಾಠಿ, ಕನ್ನಡ, ಮೂರೂ. ಕನ್ನಡದ್ದನ್ನು ದಖನಿಯಲ್ಲಿ, ಎಂದರೆ ಇಲ್ಲಿಯ ಆಡುಮಾತಿನ ಉರ್ದುವಿನಲ್ಲಿ, ಹೇಳುವರು, ಉರ್ದುವಿನದನ್ನು ಕನ್ನಡದಲ್ಲಿ. ಹಳ್ಳಿಯಿಂದ ಕಾಳು ಮಾರಲು ಬಂದವರೂ ಕೇಳಿಕೊಂಡೇ ಗಾಡಿ ಹೂಡುತ್ತಿದ್ದರಂತೆ.

"ಹೈದರಾಬಾದ್ ರಾಜ್ಯ ಒಡದು ನಾವು ಮೈಸೂರು ರಾಜ್ಯಕ್ಕ ಸೇರಿದಾಗ ಮಂದಿ ಅಂಜಿದ್ರು," ಎಂದರು ಖಾಲಾ. "ಮೈಸೂರು ಎಲ್ಲಿ ಅದ, ಅಲ್ಲಿ ಮಂದಿ ಹ್ಯಾಂಗ ಇರ್ತಾರ, ಯಾರಿಗಿ ಗೊತ್ತು? ಅಬ್ಬಾ ಅಂಗಡಿ ನೆಲದ ಮ್ಯಾಲ ಸೀಮೆಸುಣ್ಣಲೆ ನಕ್ಷಾ ತಗದು ತೋರಿಸಿದ್ರಂತ. ನಾವು ಮ್ಯಾಲ, ಅವರು ಕೆಳಗ, ನಡುವ ಎಲ್ಲಾ ನಮ್ಮಂಥಾ ಮಂದೀನೇ ಅಂತ."

ಆ ನಕ್ಷೆಯ ಕೊನೆಯ ತುದಿಯಲ್ಲಿ ನಮ್ಮೂರು ಇದ್ದಿರಬೇಕು. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಈ ಓಣಿಯಲ್ಲಿ ಒಬ್ಬರು ನಮ್ಮವರ ಪರವಾಗಿ ಮಾತಾಡಿದ್ದರು.

ಮುಂದಿನ ವಾರ ಮಾಸ್ತರರನ್ನು ಮನೆಗೆ ಕರೆತಂದೆ. ಅವರು ಮೂರು ದಿನ ಬಂದು ಕೂತು ಬರೆದುಕೊಂಡರು. ಓಣಿಯ ಇಬ್ಬರು ಮುದುಕರನ್ನೂ ಮಾತಾಡಿಸಿದರು. ಖಾಲಾ ಪೆಟ್ಟಿಗೆಯಿಂದ ತಂದೆಯ ಫೋಟೊ ತೆಗೆದುಕೊಟ್ಟರು. ಅಧ್ಯಾಯ ಹದಿನಾರು ಪುಟವಾಯಿತು. ಟೈಪ್ ಮಾಡಿದ್ದು ನಾನೇ; ಅಷ್ಟು ಚೆಂದದ ಬರಹ ನನ್ನ ಕೈಯಿಂದ ಹಿಂದೆ ದಾಟಿರಲಿಲ್ಲ.

ಪುಸ್ತಕ ಅಚ್ಚಿಗೆ ಹೋಗುವ ಮೊದಲು ಮಾಸ್ತರರಿಗೆ ಲಕ್ವ ಹೊಡೆಯಿತು. ಪ್ರಕಟಣೆಯ ಹೊಣೆ ಹೊತ್ತಿದ್ದ ಸಮಿತಿಯ ಹಿರಿಯರೊಬ್ಬರು ಪ್ರೆಸ್ಸಿಗೆ ಬಂದರು. ಪುಸ್ತಕ ದಪ್ಪವಾಯಿತು, ಒಂದು ಫಾರಂ, ಎಂದರೆ ಹದಿನಾರು ಪುಟ, ಇಳಿಸಬೇಕು ಎಂದರು. ಹಾಳೆ ತಿರುಗಿಸಿ ಆ ಅಧ್ಯಾಯದ ಮೇಲೆ ಬೆರಳಿಟ್ಟರು.

"ಇದಕ್ಕ ಕಾಗದ ಪತ್ರ ಏನಾರೆ ಅವ ಏನ್ರಿ? ಚಹಾದಂಗಡ್ಯಾಗ ಪೇಪರ್ ಓದಿದ್ದು ಇತಿಹಾಸ ಆಗ್ತದ?"

"ಊರಿನವರಿಗೆ ಅದೇ ಇತಿಹಾಸ ಅಲ್ವಾ ಸರ್," ಎಂದೆ.

"ನೀವು ಹೊರಗಿನವರು ಬಾಯಾರ. ಇಲ್ಲೀದು ನಿಮಗ ತಿಳಿಯಂಗಿಲ್ಲ."

ಪ್ರೆಸ್ಸಿನ ಮಾಲೀಕರು ತಲೆ ತಗ್ಗಿಸಿ ಕೂತಿದ್ದರು. ಮಾಸ್ತರರನ್ನು ಕೇಳದೆ ತೆಗೆಯುವುದಿಲ್ಲ ಎಂದಷ್ಟೇ ಹೇಳಿ ಭಾಲ್ಕಿಯ ಬಸ್ಸು ಹತ್ತಿದೆ. ಮಾಸ್ತರರು ಹಾಸಿಗೆಯಲ್ಲಿದ್ದರು, ಬಾಯಿ ಒಂದು ಕಡೆ ಎಳೆದಿತ್ತು. ಅವರು ಒಲ್ಲೆ ಎನ್ನುತ್ತಾರೆ ಎಂದು ನಂಬಿ ಹೋಗಿದ್ದೆ. 

"ತಗೀರಿ," ಎಂದರು. "ನಾ ಇರೂದ್ರಾಗ ಪುಸ್ತಕ ಬರ್ಲಿ."

ಮರುದಿನ ಬೆಳಿಗ್ಗೆ ತೆಗೆದೆ. ಕಂಪ್ಯೂಟರಿನಲ್ಲಿ ಹದಿನಾರು ಪುಟ ತೆಗೆಯಲು ಎಷ್ಟು ಹೊತ್ತು? ಪರಿವಿಡಿಯ ಅಂಕಿ ತಿದ್ದಲು ಅದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಖಾಲಿಯಾದ ಜಾಗದ ಅರ್ಧ ಆಮೇಲೆ ಸಮಿತಿಯ ಹಿರಿಯರ ಫೋಟೊಗಳಿಗೆ ಹೋಯಿತು. ಕೆಲಸ ಬಿಡುತ್ತೇನೆ ಎನ್ನಬಹುದಿತ್ತು. ಅನ್ನಲಿಲ್ಲ. ಈ ಊರಿನಲ್ಲಿ ನನಗೆ ಅದೊಂದು ಕುರ್ಚಿ ಬಿಟ್ಟರೆ ಬೇರೆ ಜಾಗವಿರಲಿಲ್ಲ.

ಖಾಲಾಗೆ ಹೇಳಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಒಂದು ತಿಂಗಳು ಕಳೆದೆ. ಬಿಡುಗಡೆ ಭಾಲ್ಕಿಯಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಖಾಲಾ ಬೆಳಿಗ್ಗೆಯೇ ಸಿದ್ಧರಾಗಿ, ಮಾಸ್ತರರ ಹೆಂಡತಿಗೆಂದು ಮಿಠಾಯಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬಸ್ಸಿನಲ್ಲಿ ಕೇಳಿದರು, "ಯಾವ ಪೇಜಿನ್ಯಾಗ ಅದ, ಬೇಟಿ?"

"ಹೋಗಿ ನೋಡೋಣ, ಖಾಲಾ."

ಸಭೆಯಲ್ಲಿ ಅತಿಥಿಯೊಬ್ಬರು, ಈ ಪುಸ್ತಕದಲ್ಲಿ ಬೀದರಿನ ಪ್ರತಿ ಓಣಿಯೂ ಮಾತಾಡಿದೆ ಎಂದರು. ಚಪ್ಪಾಳೆ ಬಿತ್ತು. ಖಾಲಾ ಒಂದು ಪ್ರತಿ ಕೊಂಡು ತೊಡೆಯ ಮೇಲಿಟ್ಟು ತಿರುವತೊಡಗಿದರು. ಅವರಿಗೆ ಕನ್ನಡ ಓದಲು ಬಾರದು, ಫೋಟೊ ಹುಡುಕುತ್ತಿದ್ದರು. ಕೋಟೆಯ ಚಿತ್ರ, ಸಮಾಧಿಗಳ ಚಿತ್ರ, ಪೇಟ ಕಟ್ಟಿದ ಹಿರಿಯರು. ಕೊನೆ ಮುಟ್ಟಿದ ಮೇಲೆ ಬೆರಳಿಗೆ ಉಗುಳು ಹಚ್ಚಿಕೊಂಡು ಮೊದಲಿನಿಂದ ಮತ್ತೆ, ಒಂದೊಂದೇ ಹಾಳೆ ಬಿಡಿಸಿ ತಿರುವಿದರು. ಆಮೇಲೆ ಪುಸ್ತಕ ನನ್ನ ಕಡೆ ಚಾಚಿದರು.

"ನೀ ತೋರ್ಸು."

"ಇಲ್ಲ, ಖಾಲಾ."

"ತಗದ್ರು? ಯಾರು ತಗದ್ರು?"

ಸಮಿತಿಯವರು ಎನ್ನಬಹುದಿತ್ತು. ಮಾಸ್ತರರು ಎನ್ನಬಹುದಿತ್ತು. ಎರಡೂ ಸುಳ್ಳಲ್ಲ.

"ನಾನೇ ತೆಗೆದೆ. ಒಂದು ತಿಂಗಳಾಯ್ತು."

ಖಾಲಾ ಚಾಚಿದ ಪುಸ್ತಕವನ್ನು ಹಿಂದೆಳೆದುಕೊಂಡರು. ಸಭೆ ಮುಗಿದ ಮೇಲೆ ಮಿಠಾಯಿ ಡಬ್ಬಿಯನ್ನು ಮಾಸ್ತರರ ಹೆಂಡತಿಗೆ ಕೊಟ್ಟೇ ಕೊಟ್ಟರು. ಗಾಲಿಕುರ್ಚಿಯಲ್ಲಿದ್ದ ಮಾಸ್ತರರ ಕೈ ಮೇಲೆ ಒಂದು ಕ್ಷಣ ಕೈಯಿಟ್ಟರು. ಮಾಸ್ತರರು ಅಳತೊಡಗಿದರು. ಲಕ್ವ ಹೊಡೆದಾಗಿನಿಂದ ಎಲ್ಲದಕ್ಕೂ ಅಳುತ್ತಿದ್ದರು, ಹಾಗಾಗಿ ಯಾರೂ ಗಮನ ಕೊಡಲಿಲ್ಲ.

ವಾಪಸು ಬಸ್ಸಿನಲ್ಲಿ ಖಾಲಾ, "ನೀವು ಕಿಟಕಿ ಕಡಿ ಕೂಡ್ರಿ," ಎಂದರು. ಅಷ್ಟು ದಿನ ನನ್ನನ್ನು ನೀ ಎನ್ನುತ್ತಿದ್ದವರು. ನಮ್ಮ ಕಡೆ ಹಿರಿಯರು ನೀವು ಎಂದರೆ ಹೆಮ್ಮೆಪಡುತ್ತೇವೆ. ಅಂದು ಆ ಮಾತು ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದಂತಾಯಿತು.

ಅವರ ತಂದೆಯ ಫೋಟೊ ಹಿಂದಿರುಗಿಸಿದೆ. ಆ ಹದಿನಾರು ಪುಟಗಳನ್ನು ಬೇರೆಯಾಗಿ ಮುದ್ರಿಸಿ, ಒಳ್ಳೆಯ ರಟ್ಟು ಹಾಕಿಸಿ ಕೆಳಗಿಳಿದು ಹೋದೆ. ಖಾಲಾ ಅದನ್ನು ಕೈಯಲ್ಲಿ ತೂಗಿ ನೋಡಿ ಮರಳಿಸಿದರು. "ನನಗ ಓದಾಕ ಬರಂಗಿಲ್ರಿ. ಓದೋರಿಗಿ ಸಿಗಬೇಕಿತ್ತು."

ಮನೆ ಬಿಡಿ ಎಂದು ಅವರು ಹೇಳಲಿಲ್ಲ. ನಾವೇ ಬಿಟ್ಟೆವು. ಈಗ ಕೊಳಾರದ ಹತ್ತಿರ ಇದ್ದೇವೆ. ಸುತ್ತ ನಮ್ಮಂತೆಯೇ ಎಲ್ಲಿಂದಲೋ ಬಂದವರು. ಯಾರ ಮನೆಯ ಹಳೆಯ ಕಥೆಯೂ ಯಾರಿಗೂ ಬೇಕಿಲ್ಲ. ಮಾಸ್ತರರು ತೀರಿಕೊಂಡರು. ಪುಸ್ತಕ ಗ್ರಂಥಾಲಯಗಳಿಗೆ ಹೋಗಿದೆ. ಮುಂದೆ ಬೀದರಿನ ಬಗ್ಗೆ ಬರೆಯುವವರು ಅದನ್ನೇ ತೆಗೆದು ನೋಡುತ್ತಾರೆ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಫೋನಿನಲ್ಲಿ ಯಾರಿಗೋ "ಬರ್ತೇನ್ರಿ" ಎಂದದ್ದು ಕೇಳಿ ನನ್ನತ್ತಿಗೆ ನಕ್ಕಳು, "ನೀನು ಅಲ್ಲಿಯೋಳೇ ಆಗ್ಬುಟ್ಟೆ ಕಣವ್ವ."  ತಿರುಗಿ ಬರುವಾಗ ರೈಲು ಬೀದರ್ ಹತ್ತಿರವಾದಷ್ಟೂ ಎದೆ ಭಾರವಾಗುತ್ತಿತ್ತು. ಹಾಗೆಂದು ಇಳಿಯದೆ ಮುಂದೆ ಹೋಗಲು ನನಗೆ ಬೇರೆ ಊರಿಲ್ಲ.

ಇದನ್ನು ಮೈಸೂರಿನ ನಿಮ್ಮ ಪತ್ರಿಕೆಗೆ ಬರೆಯುವ ಮೊದಲು ಹಳೆಯ ಓಣಿಗೆ ಹೋಗಿ ಖಾಲಾರನ್ನು ಕೇಳಿದೆ. ಪುಸ್ತಕದಲ್ಲಿ ಬಿಟ್ಟಿದ್ದನ್ನು ಇಲ್ಲಿ ಬರೆಯುತ್ತೇನೆ, ನಮ್ಮ ಕಡೆಯವರಾದರೂ ಓದುತ್ತಾರೆ ಎಂದೆ. ನೀರು ಕೊಟ್ಟರು. ಖಾಲಿ ಲೋಟ ತಿರುಗಿ ಇಸಿದುಕೊಂಡರು.

"ನೀವು ಮಾಡಿದ್ದು ಬರೀರಿ," ಎಂದರು. "ಅಬ್ಬಾರ ಹೆಸರು ನಕ್ಕೊ."

ನಕ್ಕೊ ಎಂದರೆ ಬೇಡ. ಅದಕ್ಕೇ ಇಲ್ಲಿ ಅವರ ಹೆಸರಿಲ್ಲ.